ನಾವೆಯನ್ನು ಕೊಳ್ಳುವ ಮುನ್ನ



ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎರೆಯ ಹೊಲ, ಹತ್ತಿಯ ಅಂಡಿಗೆ, ಮಗ್ಗದ ಸದ್ದು, ಮತ್ತು ಬೇಸಗೆಯಲ್ಲಿ ಕೊಡ ಹಿಡಿದು ನೀರಿಗೆ ಸರದಿ ನಿಂತ ಜನ. ಇಂಥ ಸೀಮೆಯವರ ಮುಂದೆ ಹಾಯಿದೋಣಿಯ ಮಾತನ್ನು ತೆಗೆದರೆ ನಗು ಬಂದೀತು. ಬರಲಿ, ಬೇಡವೆನ್ನುವುದಿಲ್ಲ. ಆದರೆ ಸಮುದ್ರದಿಂದ ದೂರವಿರುವವನಿಗೇ ಸಮುದ್ರದ ಹಂಬಲ ಹೆಚ್ಚು ಎಂಬುದನ್ನೂ ನೀವು ಬಲ್ಲಿರಿ. ದಿನಬೆಳಗಾದರೆ ಅಲೆಯನ್ನು ನೋಡುವ ಕರಾವಳಿಯವನು ಅದನ್ನು ಹೊಟ್ಟೆಯ ಪಾಡಿನ ಹೊಲವೆಂದು ಬಗೆದಿರುತ್ತಾನೆ. ಬಯಲು ಸೀಮೆಯವನು ಅದನ್ನು ಕನಸಿನಲ್ಲಿ ಕಾಣುತ್ತಾನೆ. ಕನಸಿನಲ್ಲಿ ಕಂಡ ವಸ್ತುವನ್ನು ಹಣ ಕೊಟ್ಟು ಕೊಳ್ಳಹೊರಟಾಗ ಒದಗುವ ಅಪಾಯಗಳನ್ನು ಕುರಿತೇ ಈ ಹೊತ್ತು ನಾವು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಈ ಸೀಮೆಗೂ ಹಾಯಿಗೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. ರೈಲುದಾರಿ ಬರುವ ಮುಂಚೆ ಧಾರವಾಡ ಪ್ರಾಂತದ ಹತ್ತಿಯು ಎತ್ತಿನ ಗಾಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ನಮ್ಮ ಹೊಲದ ಹತ್ತಿಗೆ ಹೊರದೇಶದ ಪೇಟೆಯಲ್ಲಿ 'ಕುಮಟಾ' ಎಂಬುದೇ ಹೆಸರಾಗಿ ನಿಂತಿತು. ಬೆಳೆದದ್ದು ಗದಗಿನ ಎರೆಯಲ್ಲಿ, ಹೆಸರು ಪಡೆದದ್ದು ಹಡಗು ಹತ್ತಿದ ಊರಿನಿಂದ! ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ನಮ್ಮ ಒಕ್ಕಲಿಗನ ಮನೆಗೆ ಹರಿದು ಬಂದ ದುಡ್ಡು ಈ ಹಾಯಿಗಳ ಮೂಲಕವೇ ಬಂದದ್ದು. ೧೮೮೦ರ ದಶಕದಲ್ಲಿ ರೈಲು ಬಂದಿತು, ಗಾಡಿಗಳು ಘಟ್ಟದ ದಾರಿಯನ್ನು ಮರೆತವು, ಹಡಗಿನ ನೆನಪು ಅಳಿಯಿತು. ಆಗ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ, ಗದಗು ಮುಂಬಯಿ ಇಲಾಖೆಗೆ ಸೇರಿದ್ದುವು. ಮುಂಡರಗಿಯ ಆಚೆ ಹೊಳೆ ದಾಟಿದರೆ ಮದರಾಸು ಇಲಾಖೆ. ಇಷ್ಟು ಗಡಿಗಳಿದ್ದರೂ ಹತ್ತಿಯೂ ಗಾಳಿಯೂ ತಮ್ಮ ದಾರಿಯನ್ನು ತಾವು ಹಿಡಿದವು.

ಇನ್ನು 'ಯಾಟ್' ಎಂಬ ಮಾತು. ಇಂಗ್ಲಿಷಿನಲ್ಲಿ ಬರೆಯುವುದೊಂದು, ನುಡಿಯುವುದೊಂದು ಆಗಿರುವ ಈ ಪದ ಮೂಲತಃ ಡಚ್ಚರದು. ಬೇಟೆ ಎಂಬ ಅರ್ಥದ ಮಾತಿನಿಂದ ಹುಟ್ಟಿದ್ದು. ವೇಗವಾಗಿ ಓಡಿ ಬೆನ್ನಟ್ಟುವ ಹಗುರವಾದ ಹಡಗಿಗೆ ಅವರು ಇಟ್ಟ ಹೆಸರು. ೧೬೬೦ರಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಆಂಸ್ಟರ್‌ಡಾಮಿನವರು ಇಂಥದೊಂದನ್ನು ಕಾಣಿಕೆಯಾಗಿ ಕೊಟ್ಟರು. ಆತ ಅದನ್ನು ಯುದ್ಧಕ್ಕೂ ವ್ಯಾಪಾರಕ್ಕೂ ಅಲ್ಲದೆ ಬರಿಯ ವಿನೋದಕ್ಕೆ ನಡೆಸಿದ. ಅಂದಿನಿಂದ ಆ ಹೆಸರು ವಿಹಾರದ ನಾವೆಗೆ ಅಂಟಿಕೊಂಡಿತು. ದೊರೆಗೆ ಅದು ಪುಕ್ಕಟೆ ಸಿಕ್ಕಿತೆಂಬುದನ್ನು ಮಾತ್ರ ನಮ್ಮ ಶ್ರೋತೃಗಳು ಮರೆಯಬಾರದು.

ಬೆಟಗೇರಿಯ ಜವಳಿ ವ್ಯಾಪಾರಿಗಳಾದ ಗೃಹಸ್ಥರೊಬ್ಬರಿದ್ದಾರೆಂದು ಇಟ್ಟುಕೊಳ್ಳೋಣ. ಐವತ್ತು ದಾಟಿದೆ, ಮೂವತ್ತು ವರ್ಷ ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಕೂಡಿಟ್ಟ ಹಣ ಕೈಯಲ್ಲಿದೆ, ಗೋವೆಯಲ್ಲಿ ಬಿಳಿಯ ಹಾಯಿಯನ್ನು ಕಂಡು ಬಂದ ದಿನದಿಂದ ಮನಸ್ಸು ಅಲ್ಲೇ ನೆಟ್ಟಿದೆ. ಮೂವತ್ತಡಿಯ ಹಳೆಯ ನಾವೆಯೊಂದು ಮಾರಾಟಕ್ಕಿದೆ ಎಂಬ ವರ್ತಮಾನವೂ ಬಂದಿದೆ. ಅವರ ಮನೆಯವರು ಈವರೆಗೆ ಯಾವ ದೋಣಿಯಲ್ಲೂ ಕಾಲಿಟ್ಟವರಲ್ಲ. ಇವರಿಗೆ ಈಜು ಅಷ್ಟಕ್ಕಷ್ಟೆ. ಈಗ ಅವರು ಮುಂಗಡ ಕೊಡಬೇಕೆ, ಬೇಡವೆ? ಇದು ಬರಿಯ ಹಣದ ಪ್ರಶ್ನೆಯಲ್ಲ. ಮುಪ್ಪಿನ ಕಾಲದ ಆಧಾರ, ಮನೆಯ ನೆಮ್ಮದಿ, ಕೊನೆಗೆ ಜೀವ, ಈ ಮೂರನ್ನೂ ತಕ್ಕಡಿಯಲ್ಲಿ ಇಟ್ಟಂತಾಯಿತು. ನಮ್ಮನ್ನು ಕೇಳಿದರೆ, ಮುಂಗಡವನ್ನು ತಡೆಯಿರಿ, ಹಂಬಲವನ್ನು ತಡೆಯಬೇಡಿ ಎನ್ನುತ್ತೇವೆ. ನಾವೆಯಿಲ್ಲದೆ ಕಲಿಯಬಹುದಾದುದು ಬಹಳವಿದೆ. ಅದರಲ್ಲಿ ಅರ್ಧವನ್ನು ತಮ್ಮ ಜಿಲ್ಲೆಯನ್ನು ಬಿಡದೆಯೇ ಕಲಿಯಬಹುದು.

ಮೊದಲು ನೀರನ್ನು ತಿಳಿಯಬೇಕು. ಅದಕ್ಕೆ ತುಂಗಭದ್ರೆಯಿದ್ದಾಳೆ. ಮುಂಡರಗಿಯಿಂದ ಕೊರ್ಲಹಳ್ಳಿಯ ದಾರಿ ಹಿಡಿದರೆ ಹೊಳೆ. ಆಚೆ ದಡದ ಸೀಮೆಗೆ ಹೂವಿನ ಹಡಗಲಿ ಎಂಬ ಹೆಸರು. ವಿಜಯನಗರದ ಕಾಲದಲ್ಲಿ ಅಲ್ಲಿಂದ ಹಂಪೆಯ ದೇವರ ಪೂಜೆಗೆ ಹೂವು ಹೊಳೆಯ ಮೇಲೆ ಹೋಗುತ್ತಿತ್ತೆಂದೂ, ಹೂವಿನ ಹಡಗೇ ಊರಿನ ಹೆಸರಾಯಿತೆಂದೂ ಜನ ಹೇಳುತ್ತಾರೆ. ಪದದ ವ್ಯುತ್ಪತ್ತಿಯನ್ನು ಪಂಡಿತರು ಒಪ್ಪಲಿ ಬಿಡಲಿ, ಕಥೆ ಸೊಗಸಾಗಿದೆ. ಹೊಳೆಯಿಳಿದು ಹೋದರೆ ಹಂಪೆಯೇ ಸಿಕ್ಕುವುದೆಂಬ ಮಾತಂತೂ ದಿಟ. ಆ ಕಾಲದ ದೋಣಿ ಎಂಥದೆಂಬುದನ್ನು ಪೋರ್ಚುಗಲಿನ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಬಂದಿದ್ದ ಆತನಿಗೆ ನಮ್ಮ ಹರಿಗೋಲು ದೊಡ್ಡ ಸೋಜಿಗವಾಗಿ ಕಂಡಿತು. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಮಂದಿ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ಹುಟ್ಟು ಹಾಕಿದಂತೆಲ್ಲ ತಿರುಗುತ್ತಲೇ ಮುಂದೆ ಸಾಗುತ್ತದೆ. ಚರ್ಮ ಹೋಗಿ ಡಾಂಬರು ಬಳಿದ ಹೊದಿಕೆ ಬಂದಿತೆಂಬುದನ್ನು ಬಿಟ್ಟರೆ ಐದು ಶತಮಾನಗಳಲ್ಲಿ ಹರಿಗೋಲು ಬದಲಾದದ್ದು ಸ್ವಲ್ಪ.

ಹೊಳೆಗೆ ಸೇತುವೆಗಳಾದ ಮೇಲೆ ಹರಿಗೋಲಿನವರ ಸಂಪಾದನೆ ಕುಗ್ಗಿದೆ. ಮೀನು ಹಿಡಿಯುವುದೇ ಅವರಲ್ಲಿ ಅನೇಕರಿಗೆ ಈಗ ಉದ್ಯೋಗ. ಆದರೆ ಅವರಲ್ಲಿರುವ ವಿದ್ಯೆ ಕುಗ್ಗಿಲ್ಲ. ನಮ್ಮ ಗೃಹಸ್ಥರು ಚಳಿಗಾಲದ ಶಾಂತವಾದ ಹೊಳೆಯಲ್ಲಿ ಹತ್ತು ದಿನ ಅವರ ಬಳಿ ಶಿಷ್ಯರಾಗಲಿ. ದೋಣಿ ಹತ್ತುವಾಗ ಅಂಚಿನ ಮೇಲೆ ಕಾಲಿಡದೆ ನಡುವೆ ಇಡುವುದು, ನೀರಿನ ಮೇಲಣ ನಿರಿಗೆಯನ್ನು ನೋಡಿ ಕೆಳಗಣ ಬಂಡೆಯನ್ನು ಊಹಿಸುವುದು, ಸುಳಿಯ ಅಂಚಿಗೆ ಸಿಕ್ಕದಂತೆ ಮೊದಲೇ ಓರೆಯಾಗಿ ಹೊರಡುವುದು, ಆಚೆ ದಡದಲ್ಲಿ ಸೇರಬೇಕಾದ ಜಾಗಕ್ಕಿಂತ ಎಷ್ಟು ಮೇಲಕ್ಕೆ ಗುರಿಯಿಟ್ಟರೆ ಸೆಳವು ತಮ್ಮನ್ನು ಸರಿಯಾದಲ್ಲಿಗೆ ತಂದು ಬಿಡುತ್ತದೆಂದು ಲೆಕ್ಕ ಹಾಕುವುದು, ಇವೆಲ್ಲ ಅಲ್ಲಿ ಸಿಕ್ಕುವ ಪಾಠ. ಅಂಬಿಗನು "ಎಪ್ಪಾ, ಸುಮ್ಮ ಕೂಡ್ರಿ" ಎಂದರೆ ಅಂಗಡಿಯ ಯಜಮಾನರಾದರೂ ಸುಮ್ಮನೆ ಕೂರತಕ್ಕದ್ದು. ನಾವೆಯ ಮೇಲೆ ಒಬ್ಬನೇ ಯಜಮಾನನೆಂಬ ನಿಯಮವನ್ನು ಹರಿಗೋಲಿನಲ್ಲಿಯೇ ಅಭ್ಯಾಸ ಮಾಡಿಕೊಂಡರೆ ಮುಂದೆ ಅನುಕೂಲ. ಆಷಾಢ ಶ್ರಾವಣಗಳಲ್ಲಿ ಹೊಳೆ ತುಂಬಿ ಕೆಂಪಾಗಿ ಹರಿಯುವಾಗ ಮಾತ್ರ ಯಾರೂ, ಯಾವ ನೆವದಿಂದಲೂ, ಇಳಿಯಬಾರದು. ತುಂಗಭದ್ರೆಯಲ್ಲಿ ಮೊಸಳೆಗಳಿರುವುದೂ ಉಂಟು. ಆದುದರಿಂದ ಎಲ್ಲೆಂದರಲ್ಲಿ ಧುಮುಕುವ ಉತ್ಸಾಹವೂ ಬೇಡ.

ಈಜಿನ ವಿಷಯ. ನಮ್ಮ ಹಳ್ಳಿಯ ಹುಡುಗರು ಸೊಂಟಕ್ಕೆ ಬೆಂಡು ಕಟ್ಟಿಕೊಂಡೋ, ಒಣಗಿದ ಸೋರೆಯ ಬುರುಡೆ ಕಟ್ಟಿಕೊಂಡೋ ಬಾವಿಯಲ್ಲಿ ಈಜು ಕಲಿಯುವರು. ಇಂದಿನ ಲೈಫ್ ಜಾಕೀಟು ಆ ಬೆಂಡಿನ ಮೊಮ್ಮಗ. ಒಂದು ಭೇದವನ್ನು ಮಾತ್ರ ಗಮನಿಸಬೇಕು: ಬೆಂಡನ್ನು ಈಜು ಬಾರದವನು ಕಟ್ಟಿಕೊಳ್ಳುತ್ತಿದ್ದ, ಜಾಕೀಟನ್ನು ಈಜು ಬಲ್ಲವನೂ ತೊಡಬೇಕು. ಹಾಯಿಯ ಅಡ್ಡಗಳು ಬೀಸಿ ಬಂದು ತಲೆಗೆ ಬಡಿದು ನೀರಿಗೆ ಬಿದ್ದವನಿಗೆ ಅವನ ಈಜು ನೆನಪಿಗೆ ಬರುವುದಿಲ್ಲ. ಜಾಕೀಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತವರನ್ನು ನಾವು ಕಂಡಿದ್ದೇವೆ; ಕೊಡೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ನಡೆಯುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇಲ್ಲಿ ಹರಿಗೋಲಿನ ಪಾಠ ಮುಗಿಯುತ್ತದೆ. ಹರಿಗೋಲಿಗೆ ಮುಂದು ಹಿಂದುಗಳಿಲ್ಲ, ಹೊಟ್ಟೆಯ ಕೆಳಗೆ ನೀರನ್ನು ಸೀಳುವ ಹಲಗೆಯಿಲ್ಲ. ಆದುದರಿಂದ ಅದು ಹೊಳೆ ಒಯ್ದತ್ತ ಹೋಗಬಲ್ಲುದು, ಹುಟ್ಟು ಎಳೆದತ್ತ ಹೋಗಬಲ್ಲುದು. ಗಾಳಿಯನ್ನು ಎದುರಿಸಿ ಹೋಗಲಾರದು. ಕೆಳಗಿಳಿದ ಹರಿಗೋಲನ್ನು ಅಂಬಿಗನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು ಬರುವುದು ಇದರಿಂದಲೇ. ಹಾಯಿಯ ವಿದ್ಯೆ ಬೇರೆ. ಅದರ ಗುರು ಗಾಳಿ.

ಗಾಳಿಗೆ ನಮ್ಮ ಸೀಮೆಯಲ್ಲಿ ಬಡತನವಿಲ್ಲ. ಕಪ್ಪತಗುಡ್ಡದ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ವಿದ್ಯುತ್ತಿನ ಗಾಳಿಯಂತ್ರಗಳನ್ನು ಮುಂಡರಗಿ, ಶಿರಹಟ್ಟಿಗಳ ಜನ ದಿನವೂ ನೋಡುತ್ತಾರೆ. ಅವುಗಳ ಮುಖ ಯಾವ ಕಡೆಗಿದೆಯೋ ಗಾಳಿ ಆ ಕಡೆಯಿಂದ ಬರುತ್ತಿದೆ. ಮುಂಗಾರಿನ ತಿಂಗಳುಗಳಲ್ಲಿ ನೈರುತ್ಯಕ್ಕೂ ಪಶ್ಚಿಮಕ್ಕೂ ತಿರುಗಿ ನಿಂತಿರುತ್ತವೆ. ದಾರಿಯಲ್ಲಿ ಹೋಗುವಾಗ ಅವುಗಳನ್ನು ನೋಡದೆ, ಕೆನ್ನೆಗೆ ತಗಲುವ ಗಾಳಿಯಿಂದ ದಿಕ್ಕನ್ನು ಹೇಳಿ, ಆಮೇಲೆ ತಲೆಯೆತ್ತಿ ಸರಿಯೋ ತಪ್ಪೋ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಇದಕ್ಕೆ ಕಾಸಿನ ಖರ್ಚಿಲ್ಲ.

ಗಾಳಿಯ ಬಲವನ್ನು ಅಳೆಯುವುದನ್ನೂ ಮನೆಯಲ್ಲೇ ಕಲಿಯಬಹುದು. ಇಂಗ್ಲಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟನು ೧೮೦೫ರಲ್ಲಿ ಇದಕ್ಕೊಂದು ಮೆಟ್ಟಲುಗಳ ಪಟ್ಟಿ ಮಾಡಿದನು. ಆಮೇಲಿನವರು ಅದಕ್ಕೆ ನೆಲದ ಮೇಲಣ ಗುರುತುಗಳನ್ನು ಕೂಡಿಸಿದರು. ಎಲೆಗಳೂ ಎಳೆಯ ಕಡ್ಡಿಗಳೂ ಬಿಡದೆ ಅಲುಗಾಡಿ, ಧ್ವಜ ಬಿಚ್ಚಿ ಹಾರಿದರೆ ಅದು ಮೂರನೆಯ ಮೆಟ್ಟಲು. ೭ರಿಂದ ೧೦ ನಾಟ್. ಒಂದು ನಾಟ್ ಎಂದರೆ ಗಂಟೆಗೆ ೧.೮೫೨ ಕಿಲೋಮೀಟರ್ ಎಂದು ತಿಳಿಯುವುದು. ಧೂಳೂ ಕಸದ ಕಾಗದವೂ ಎದ್ದು ಸಣ್ಣ ಕೊಂಬೆಗಳು ಅಲುಗಿದರೆ ನಾಲ್ಕನೆಯದು, ೧೧ರಿಂದ ೧೬ ನಾಟ್. ಗಿಡಗಳು ಓಲಾಡತೊಡಗಿದರೆ ಐದು. ಕೊಡೆ ಹಿಡಿಯುವುದು ಕಷ್ಟವಾದರೆ ಆರು. ಕಲಿಯುವವನಿಗೆ ಮೂರನೆಯದು ಹಬ್ಬ. ನಾಲ್ಕನೆಯದು ಗುರುವಿನ ಜೊತೆಗೆ. ಐದನೆಯದು ದಡದ ಮೇಲೆ ನಿಂತು ನೋಡುವುದಕ್ಕೆ. ಬೆಟಗೇರಿಯ ಅಂಗಡಿಯ ಮುಂದೆ ಕಾಗದದ ಚೂರು ಎದ್ದಾಗಲೆಲ್ಲ 'ಇದು ನಾಲ್ಕು' ಎಂದು ಎಣಿಸಿದ ಮನುಷ್ಯ, ಸಮುದ್ರದ ಮೇಲೆ ಬೆಳ್ನೊರೆಯನ್ನು ಕಂಡಾಗ ಗಾಬರಿಯಾಗುವುದಿಲ್ಲ.

ಗಾಳಿ ಹಿಂದಿನಿಂದ ಬಂದರೆ ಹಾಯಿ ದೋಣಿಯನ್ನು ನೂಕುವುದು ಮಕ್ಕಳಿಗೂ ತಿಳಿಯುತ್ತದೆ. ಗಾಳಿಯ ಎದುರಿಗೆ ಹೋಗುವುದು ಹೇಗೆ? ಇಲ್ಲಿಯೇ ಈ ವಿದ್ಯೆಯ ಸ್ವಾರಸ್ಯ. ಹುಣಸೆಯ ಬೀಜವನ್ನು ಒದ್ದೆ ಮಾಡಿ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿರಿ. ಎರಡು ಬೆರಳುಗಳೂ ಪಕ್ಕದಿಂದ ಒತ್ತಿದುವು, ಬೀಜ ಮಾತ್ರ ಮುಂದಕ್ಕೆ ಚಿಮ್ಮಿತು. ಗಾಳಿಯು ಹಾಯಿಯ ಮೂಲಕ ದೋಣಿಯನ್ನು ಒಂದು ಪಕ್ಕದಿಂದ ಒತ್ತುತ್ತದೆ. ಕೆಳಗೆ ನೀರಿನಲ್ಲಿ ಇಳಿದಿರುವ ಹಲಗೆಯ ಮೂಲಕ ನೀರು ಇನ್ನೊಂದು ಪಕ್ಕದಿಂದ ತಡೆಯುತ್ತದೆ. ನಡುವೆ ಸಿಕ್ಕ ದೋಣಿ ಮುಂದಕ್ಕೆ ನುಗ್ಗುತ್ತದೆ. ಆದರೂ ನೇರವಾಗಿ ಗಾಳಿಯ ಮುಖಕ್ಕೆ ಹೋಗಲಾಗದು. ಎಡಕ್ಕೂ ಬಲಕ್ಕೂ ಸುಮಾರು ೪೫ ಅಂಶಗಳಷ್ಟು ಜಾಗ ನಿಷಿದ್ಧ. ಅದರೊಳಗೆ ತಿರುಗಿದರೆ ಹಾಯಿ ಪಟಪಟನೆ ಬಡಿದುಕೊಂಡು ದೋಣಿ ನಿಲ್ಲುತ್ತದೆ. ಕುಮಟೆಯಿಂದ ಮರಳುತ್ತಿದ್ದ ನಮ್ಮ ಗಾಡಿಗಳು ಘಟ್ಟವನ್ನು ಹೇಗೆ ಹತ್ತುತ್ತಿದ್ದುವು? ನೆಟ್ಟಗೆ ಹತ್ತಲಿಲ್ಲ, ಎಡಕ್ಕೆ ಒಂದು ಓಟ, ತಿರುವು, ಬಲಕ್ಕೆ ಒಂದು ಓಟ, ತಿರುವು. ಗಾಳಿಯೆಂಬ ಘಟ್ಟವನ್ನೂ ಹಾಗೆಯೇ ಓರೆಯೋರೆಯಾಗಿ ಹತ್ತಬೇಕು. ಪ್ರತಿ ತಿರುವಿನಲ್ಲೂ ದೋಣಿಯ ಮೂತಿ ಗಾಳಿಯನ್ನು ದಾಟುವಾಗ, ಕೂತವನು ತಲೆ ತಗ್ಗಿಸಿ ಈ ಬದಿಯಿಂದ ಆ ಬದಿಗೆ ಸರಿಯಬೇಕು. ಇದಕ್ಕಿಂತ ಕಷ್ಟವಾದ ತಿರುವು ಇನ್ನೊಂದುಂಟು: ಗಾಳಿ ಬೆನ್ನಿಗಿರುವಾಗ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯಿಸುವುದು. ಆಗ ಅಡ್ಡಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀಸಿ ಬರುತ್ತದೆ. ತಲೆಗೆ ಪೆಟ್ಟು ಬೀಳುವುದು ಬಹುಮಟ್ಟಿಗೆ ಇಲ್ಲಿಯೇ.

ಇದನ್ನೆಲ್ಲ ಮೂವತ್ತಡಿಯ ನಾವೆಯಲ್ಲಿ ಕಲಿಯುತ್ತೇನೆನ್ನುವುದು ಅಕ್ಷರಾಭ್ಯಾಸವನ್ನು ತಾಮ್ರಪಟದ ಮೇಲೆ ಮಾಡಿದಂತೆ. ಕಲಿಯುವುದಕ್ಕೆ ಸಣ್ಣ ದೋಣಿಯೇ ಯೋಗ್ಯ. ಮಕ್ಕಳಿಗಾಗಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಎಂಬಾತ ೧೯೪೭ರಲ್ಲಿ ರೂಪಿಸಿದ 'ಆಪ್ಟಿಮಿಸ್ಟ್' ಎಂಟಡಿಯೂ ಇಲ್ಲದ ಪೆಟ್ಟಿಗೆಯಂಥ ದೋಣಿ. ಹದಿನೈದು ವರ್ಷದವರೆಗಿನ ಹುಡುಗರು ಒಬ್ಬೊಬ್ಬರೇ ಅದನ್ನು ನಡೆಸುತ್ತಾರೆ. ದೊಡ್ಡವರಿಗೆ 'ಲೇಸರ್' ಎಂಬುದುಂಟು, ೪.೨೩ ಮೀಟರ್ ಉದ್ದ, ಒಂದೇ ಹಾಯಿ, ಒಬ್ಬನೇ ಆಳು, ದೋಣಿಯ ತೂಕ ೫೯ ಕಿಲೋ. ಇಬ್ಬರು ಕೂಡಿ ನಡೆಸುವ 'ಎಂಟರ್‌ಪ್ರೈಸ್' ಕೂಡ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. ಸಣ್ಣ ದೋಣಿಯ ಗುಣವೇನೆಂದರೆ ಮಾಡಿದ ತಪ್ಪಿಗೆ ಆ ಕ್ಷಣವೇ ದಂಡ ವಿಧಿಸುತ್ತದೆ. ದೊಡ್ಡ ನಾವೆ ಸೈರಿಸಿಕೊಂಡು, ಸೈರಿಸಿಕೊಂಡು, ಒಮ್ಮೆಲೇ ಬಡ್ಡಿಸಹಿತ ವಸೂಲು ಮಾಡುತ್ತದೆ.

ಆ ದಂಡವೆಂದರೆ ಮಗುಚುವುದು. ಮಗುಚುವುದನ್ನು ಬೇಕೆಂದೇ ಕಲಿಸುತ್ತಾರೆ, ಮೊದಲ ದಿನಗಳಲ್ಲಿಯೇ. ದೋಣಿ ಪಕ್ಕಕ್ಕೆ ಒರಗಿ ಹಾಯಿ ನೀರಿನ ಮೇಲೆ ಮಲಗಿದಾಗ, ಈಜಿ ಬಂದು ಅಡಿಯ ಹಲಗೆಯ ಮೇಲೆ ಭಾರ ಹಾಕಿದರೆ ದೋಣಿ ತಾನಾಗಿ ಎದ್ದು ಕೂರುತ್ತದೆ. ಇದರಲ್ಲಿ ಒಂದು ಮಾತು ಮುಖ್ಯ: ದಡ ಎಷ್ಟೇ ಹತ್ತಿರ ಕಾಣಲಿ, ದೋಣಿಯನ್ನು ಬಿಟ್ಟು ಈಜಿ ಹೋಗಬಾರದು. ನೀರಿನ ಮೇಲೆ ಅಂತರದ ಅಂದಾಜು ತಪ್ಪುತ್ತದೆ. ತೇಲುವ ದೋಣಿ ದೂರದಿಂದ ಕಾಣುತ್ತದೆ, ಈಜುವ ತಲೆ ಕಾಣುವುದಿಲ್ಲ. ಹತ್ತು ಸಲ ಮಗುಚಿ ಹತ್ತು ಸಲ ಎದ್ದವನಿಗೆ ನೀರಿನ ಭಯ ಹೋಗಿ ನೀರಿನ ಮರ್ಯಾದೆ ಮಾತ್ರ ಉಳಿಯುತ್ತದೆ.

ಎಲ್ಲಿ ಕಲಿಯಬೇಕು? ಗದಗಿನವರಿಗೆ ಹತ್ತಿರವಾದುದು ಗೋವೆ. ರೈಲುಹಳಿ ಹುಬ್ಬಳ್ಳಿ, ಲೋಂಡಾಗಳ ಮೇಲೆ ಘಟ್ಟವಿಳಿದು ವಾಸ್ಕೋವನ್ನು ಮುಟ್ಟುತ್ತದೆ. ಅಲ್ಲಿ ಭಾರತ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ. ಹಾಯಿದೋಣಿ ಕಲಿಸುವ ಕೂಟಗಳೂ ಇವೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸೈನ್ಯದವರದೂ ನಾಗರಿಕರದೂ ಹಾಯಿಯ ಅಭ್ಯಾಸ ಬಹು ವರ್ಷಗಳಿಂದ ನಡೆದಿದೆ. ಬಡ ಮನೆಗಳ ಮಕ್ಕಳು ಅಲ್ಲಿ ಹಾಯಿ ಹಿಡಿದು ರಾಷ್ಟ್ರದ ಪಂದ್ಯಗಳಿಗೆ ಹೋಗಿದ್ದಾರೆ. ಸಮುದ್ರವಿಲ್ಲದ ಊರಿನ ಒಂದು ಕೆರೆ ಇಷ್ಟನ್ನು ಸಾಧಿಸಿತೆಂಬುದನ್ನು ನಮ್ಮವರು ನೆನಪಿಡುವುದು ಒಳ್ಳೆಯದು. ಬೆಂಗಳೂರಿನ ಹಲಸೂರು ಕೆರೆಯಲ್ಲಿಯೂ ಮದ್ರಾಸ್ ಇಂಜಿನಿಯರ್ ಗ್ರೂಪಿನವರು ಹಾಯಿಯನ್ನು ಬೆಳೆಸಿದ್ದಾರೆ. ನಮ್ಮ ಗೃಹಸ್ಥರಿಗೆ ಹನ್ನೆರಡು ವರ್ಷದ ಮೊಮ್ಮಗನಿದ್ದರೆ ಅವನನ್ನೂ ಕರೆದೊಯ್ಯಲಿ. ಹುಡುಗ ಅಜ್ಜನಿಗಿಂತ ಬೇಗ ಕಲಿಯುತ್ತಾನೆ. ಅದನ್ನು ಸಹಿಸುವ ಮನಸ್ಸನ್ನು ಮಾತ್ರ ಅಜ್ಜ ಮೊದಲೇ ಸಿದ್ಧಮಾಡಿಕೊಂಡಿರಬೇಕು.

ಸಣ್ಣ ದೋಣಿ ಕೈಗೆ ಹತ್ತಿದ ಮೇಲೆ ಪರರ ದೊಡ್ಡ ನಾವೆಯಲ್ಲಿ ಆಳಾಗಿ ಹೋಗಬೇಕು. ನಾವೆಯುಳ್ಳವರಿಗೆ ಹಗ್ಗ ಎಳೆಯುವ ಕೈಗಳು ಯಾವಾಗಲೂ ಬೇಕು. ಹೇಳಿದ ಹೊತ್ತಿಗೆ ಬಂದು, ಹೇಳಿದ ಕೆಲಸ ಮಾಡಿ, ಕೊನೆಯಲ್ಲಿ ನೆಲ ತೊಳೆದು ಹೋಗುವವನನ್ನು ಅವರು ಮತ್ತೊಮ್ಮೆ ಕರೆಯುತ್ತಾರೆ. ಎಂಟರ ಗಂಟು, ಬಿಗಿದರೂ ಜಾರದೆ ಬೇಕಾದಾಗ ಬಿಚ್ಚಿಬರುವ ಕುಣಿಕೆಯ ಗಂಟು, ಗೂಟಕ್ಕೆ ಸುತ್ತುವ ಗಂಟು, ಇಷ್ಟನ್ನು ಕತ್ತಲೆಯಲ್ಲೂ ಹಾಕಲು ಬಂದರೆ ಸಾಕು. ಎತ್ತು ಕಟ್ಟಿ ಗೊತ್ತಿರುವ ಒಕ್ಕಲು ಮನೆತನದವರಿಗೆ ಇದು ಅರ್ಧ ದಿನದ ಕೆಲಸ. ರಾತ್ರಿಯನ್ನು ನಾವೆಯಲ್ಲಿ ಕಳೆಯಬೇಕು; ಓಕರಿಕೆ ಬರುವುದೋ ಇಲ್ಲವೋ ತಿಳಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯವರನ್ನೂ ಕರೆದೊಯ್ಯಬೇಕು. ಅವರಿಗೆ ಸಮುದ್ರ ಒಗ್ಗದೆ ಹೋದರೆ ನಾವೆಯು ಸಂಸಾರದ ನಡುವೆ ಬಂದ ಸವತಿಯಾದೀತು. ಒಗ್ಗಿ, ಅವರೇ ಚುಕ್ಕಾಣಿ ಹಿಡಿದರೆ? ಅದಕ್ಕೆ ನಿದರ್ಶನ ದೂರ ಹುಡುಕಬೇಕಾಗಿಲ್ಲ. ೨೦೧೭-೧೮ರಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಸ್ತ್ರೀಯರು 'ತಾರಿಣಿ' ಎಂಬ ೫೬ ಅಡಿಯ ಹಾಯಿನಾವೆಯಲ್ಲಿ ಭೂಮಂಡಲವನ್ನು ಸುತ್ತಿ ಬಂದರು. ೨೦೨೪-೨೫ರಲ್ಲಿ ಅದೇ ನಾವೆಯಲ್ಲಿ ಇಬ್ಬರೇ ಸ್ತ್ರೀಯರು ಸುತ್ತಿದರು. ಗೋವೆಯಲ್ಲಿ ಕಟ್ಟಿದ ನಾವೆಯದು.

ಇನ್ನು ಕೊಳ್ಳುವ ಮಾತಿಗೆ ಬರೋಣ. ನಾವೆಯ ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ; ಅದನ್ನು ಎಲ್ಲಿ ಕಟ್ಟಿಹಾಕುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಎಮ್ಮೆ ಕೊಳ್ಳುವವನು ಕೊಟ್ಟಿಗೆಯನ್ನು ಮೊದಲು ನೋಡಿಕೊಳ್ಳುವುದಿಲ್ಲವೆ? ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದ ಮೇಲೆ ಹೊಸಪೇಟೆಯಿಂದ ಮೇಲಕ್ಕೆ, ತುಂಬಿದಾಗ ಸುಮಾರು ೩೭೮ ಚದರ ಕಿಲೋಮೀಟರ್ ಹರಡುವ ನೀರು ನಿಂತಿದೆ. ನಕ್ಷೆಯಲ್ಲಿ ನೋಡಿದರೆ ಹಾಯಿಗೆಂದೇ ಮಾಡಿದಂತಿದೆ. ಆದರೆ ಬೇಸಗೆ ಬಂತೆಂದರೆ ಅಂಚಿನ ನೀರು ಹಿಂದಕ್ಕೆ ಸರಿದು, ನಿನ್ನೆ ದೋಣಿ ತೇಲಿದ ಜಾಗದಲ್ಲಿ ಇಂದು ಕೆಸರು, ನಾಳೆ ದನ ಮೇಯುವ ಹುಲ್ಲುಗಾವಲು. ೨೦೨೪ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಬಾಗಿಲು ಕಿತ್ತುಹೋಗಿ, ತುಂಬಿದ ನೀರು ಕಣ್ಣೆದುರೇ ಹರಿದು ಹೋದದ್ದು ನಿಮಗೆ ನೆನಪಿದ್ದೀತು. ಆ ನೀರು ರೈತನ ನೀರು, ಊರುಗಳ ಕುಡಿಯುವ ನೀರು. ಅಧಿಕಾರಿಗಳ ಅಪ್ಪಣೆಯಿಲ್ಲದೆ ಅಲ್ಲಿ ಏನನ್ನೂ ಇಳಿಸತಕ್ಕದ್ದಲ್ಲ. ಆಳವಾದ ಅಡಿಯುಳ್ಳ ಮೂವತ್ತಡಿಯ ನಾವೆ ಅಲ್ಲಿ ಸಲ್ಲದು. ಗಾಡಿಯ ಮೇಲಿಟ್ಟು ಮನೆಗೆ ತರಬಹುದಾದ ಸಣ್ಣ ದೋಣಿ, ಅಪ್ಪಣೆ ದೊರೆತರೆ, ಸಂದೀತು. ಶಿರಹಟ್ಟಿಯ ಕಡೆಯ ಮಾಗಡಿ ಕೆರೆಯ ಮೇಲೆ ಕಣ್ಣು ಹಾಕುವವರಿಗೂ ಒಂದು ಮಾತು: ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಅದು ಚಳಿಗಾಲದ ಬಿಡಾರ, ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅದನ್ನು ಅವುಗಳಿಗೇ ಬಿಡೋಣ.

ಕರಾವಳಿಯಲ್ಲಿ ಇಟ್ಟರೆ ಬಾಡಿಗೆ, ಕಾವಲುಗಾರ, ವಿಮೆ, ಮುಂಗಾರಿನ ನಾಲ್ಕು ತಿಂಗಳು ನೀರಿನಿಂದ ಮೇಲೆತ್ತಿ ನಿಲ್ಲಿಸುವ ವೆಚ್ಚ, ಅಡಿಗೆ ಬಣ್ಣ. ವರ್ಷದ ಖರ್ಚು ಕೊಂಡ ಬೆಲೆಯ ಹತ್ತರಲ್ಲೊಂದು ಪಾಲೆಂದು ಬಲ್ಲವರ ಸ್ಥೂಲವಾದ ಲೆಕ್ಕ. ಹಳೆಯ ನಾವೆಗೆ ಇದು ಮೀರುವುದೇ ಹೆಚ್ಚು. ವರ್ಷಕ್ಕೆ ಎಷ್ಟು ದಿನ ಗದಗಿನಿಂದ ಅಲ್ಲಿಗೆ ಹೋದೇವು ಎಂಬುದನ್ನು ಪ್ರಾಮಾಣಿಕವಾಗಿ ಎಣಿಸಿ ಭಾಗಿಸಿದರೆ, ಒಂದು ದಿನದ ವಿಹಾರಕ್ಕೆ ಬಿದ್ದ ಬೆಲೆ ತಿಳಿಯುತ್ತದೆ. ಆ ಬೆಲೆಗಿಂತ ಬಾಡಿಗೆಯ ನಾವೆ ಅಗ್ಗವೆಂದು ಕಂಡರೆ ಬಾಡಿಗೆಯೇ ಲೇಸು. ನಾಲ್ಕು ಮಂದಿ ಗೆಳೆಯರು ಕೂಡಿ ಕೊಳ್ಳುವುದೂ ಉಂಟು. ಪಾಲುಗಾರಿಕೆಯ ಕರಾರನ್ನು ಗೆಳೆತನವಿರುವಾಗಲೇ ಬರೆದಿಡತಕ್ಕದ್ದು.

ಹಳೆಯ ನಾವೆಯನ್ನು ನೋಡಹೋದಾಗ ಅಡಿಯ ಬೋಲ್ಟುಗಳನ್ನೂ, ಹಾಯಿಗಂಬವನ್ನು ಹಿಡಿದ ಉಕ್ಕಿನ ಹುರಿಗಳನ್ನೂ ತಜ್ಞನಿಂದ ಪರೀಕ್ಷೆ ಮಾಡಿಸಬೇಕು. ಅವನ ಫೀಜು ಉಳಿಸಹೋದವರು ಅದರ ಹತ್ತರಷ್ಟನ್ನು ಕಳೆದುಕೊಳ್ಳುತ್ತಾರೆ. ಆದರೆ ಒಂದು ವಸ್ತುವಿನಲ್ಲಿ ನಮ್ಮ ಬೆಟಗೇರಿಯ ಗೃಹಸ್ಥರೇ ತಜ್ಞರು, ಅದು ಹಾಯಿ. ಹಾಯಿ ಎಂದರೇನು? ಅರಿವೆ. ಹಿಂದೆ ಹತ್ತಿಯದು, ೧೯೫೦ರ ದಶಕದಿಂದ ಈಚೆಗೆ ಬಹುಮಟ್ಟಿಗೆ ಪಾಲಿಯೆಸ್ಟರಿನದು. ಹಾಸು ಹೊಕ್ಕು ಮಾತ್ರ ಅಂದಿನಂತೆಯೇ. ಅರಿವೆಯನ್ನು ಹಾಸಿನುದ್ದಕ್ಕೆ ಎಳೆದರೆ ಹಿಗ್ಗದು, ಹೊಕ್ಕಿನುದ್ದಕ್ಕೆ ಎಳೆದರೂ ಹಿಗ್ಗದು, ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ಇದನ್ನು ಮಗ್ಗದ ಮುಂದೆ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಹಾಯಿ ಹೊಲಿಯುವವನ ಜಾಣತನವೆಲ್ಲ ಇದರಲ್ಲಿಯೇ ಇದೆ: ಗಾಳಿಯ ಎಳೆತ ಹೆಚ್ಚಾಗಿ ಬೀಳುವ ಹಿಂದಣ ಅಂಚಿನುದ್ದಕ್ಕೂ ಎಳೆಗಳು ನೆಟ್ಟಗೆ ಬರುವಂತೆ ಪಟ್ಟಿಗಳನ್ನು ಕೂಡಿಸುತ್ತಾನೆ. ಹಳೆಯ ಹಾಯಿಯನ್ನು ಕೈಯಲ್ಲಿ ಹಿಡಿದು ಹಿಸುಕಿ ನೋಡಿ. ಹೊಸ ಕಾಗದದಂತೆ ಸದ್ದು ಮಾಡಿದರೆ ಜೀವವಿದೆ, ಹಳೆಯ ಪಂಚೆಯಂತೆ ಮೆತ್ತಗಾಗಿದ್ದರೆ ಆಯುಷ್ಯ ಮುಗಿದಿದೆ. ಹೊಲಿಗೆಯ ದಾರವನ್ನು ಉಗುರಿನಿಂದ ಕೆರೆಯಿರಿ. ಬಿಸಿಲಿಗೆ ಅರಿವೆಗಿಂತ ಮೊದಲು ದಾರ ಸೋಲುತ್ತದೆ, ಸೋತದ್ದು ಉಗುರಿಗೆ ಕಿತ್ತು ಬರುತ್ತದೆ. ಮಾರುವವನು ಹಾಯಿಗಳು ಹೊಸತೆಂದು ಎಷ್ಟೇ ಹೇಳಲಿ, ಜವಳಿ ಮುಟ್ಟಿ ಪಳಗಿದ ಬೆರಳು ಹೇಳಿದ್ದನ್ನೇ ನಂಬುವುದು.

ಇಷ್ಟೆಲ್ಲ ತಯಾರಿ ಅತಿಯಾಯಿತೆನ್ನುವವರಿದ್ದಾರೆ. ೧೯೮೫ರಿಂದ ೧೯೮೭ರವರೆಗೆ 'ತೃಷ್ಣಾ' ಎಂಬ ಸಣ್ಣ ನಾವೆಯಲ್ಲಿ ನಮ್ಮ ಸೈನ್ಯದ ಇಂಜಿನಿಯರುಗಳು ಮೊದಲ ಬಾರಿಗೆ ಭಾರತೀಯರಾಗಿ ಭೂಪ್ರದಕ್ಷಿಣೆ ಮಾಡಿದರು. ಒಬ್ಬನೇ ಸುತ್ತಿದ ಮೊದಲ ಭಾರತೀಯ ಕಮಾಂಡರ್ ದಿಲೀಪ ದೊಂದೆ. ಆತ ೨೦೦೯ರ ಆಗಸ್ಟಿನಲ್ಲಿ ಮುಂಬಯಿಯಿಂದ ಹೊರಟು ೨೦೧೦ರ ಮೇ ತಿಂಗಳಲ್ಲಿ ಮರಳಿದ. ಪ್ರಯಾಣಕ್ಕೆ ಹಿಡಿದದ್ದು ಒಂಬತ್ತು ತಿಂಗಳು, ಸಿದ್ಧತೆಗೆ ಹಿಡಿದದ್ದು ಮೂರು ವರ್ಷ. ಗೋವೆಯಲ್ಲಿ 'ಮ್ಹಾದೇಯಿ' ಕಟ್ಟುತ್ತಿದ್ದಾಗ ಹಲಗೆ ಹಲಗೆಯನ್ನೂ ಬಳಿಯಲ್ಲೇ ನಿಂತು ನೋಡಿದ್ದವನಿಗೆ, ನಡುಗಡಲಿನಲ್ಲಿ ಏನು ಮುರಿದರೂ ಅದರ ಗುಟ್ಟು ತಿಳಿದಿತ್ತು. ಆ ನಾವೆಯ ಹೆಸರು ನಮ್ಮ ಮಹದಾಯಿ ಹೊಳೆಯದೇ. ಯಾವ ಹೊಳೆಯ ನೀರು ನಮ್ಮ ಕಡೆಗೆ ಬರಬೇಕೆಂದು ನರಗುಂದ, ನವಲಗುಂದಗಳ ರೈತರು ವರ್ಷಗಟ್ಟಲೆ ಧರಣಿ ಕೂತರೋ ಅದರದು. ಮರುವರ್ಷಗಳಲ್ಲಿ, ಅದೇ ನಾವೆಯಲ್ಲಿ ೨೦೧೨-೧೩ರಲ್ಲಿ, ಅಭಿಲಾಷ ಟಾಮಿ ಎಲ್ಲಿಯೂ ನಿಲ್ಲದೆ ಒಬ್ಬನೇ ಸುತ್ತಿದ. ಅಂಥವನೂ ೨೦೧೮ರಲ್ಲಿ ಇನ್ನೊಂದು ನಾವೆಯಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ, ಹಾಯಿಗಂಬ ಮುರಿದು, ಬೆನ್ನೆಲುಬಿಗೆ ಪೆಟ್ಟಾಗಿ, ಪರರ ಹಡಗು ಬಂದು ಎತ್ತಿಕೊಳ್ಳುವವರೆಗೂ ಮಲಗಿದಲ್ಲಿಂದ ಏಳಲಾರದೆ ಇದ್ದ.

ನಮ್ಮ ಗೃಹಸ್ಥರಿಗೆ ಭೂಪ್ರದಕ್ಷಿಣೆಯ ಹಟವಿಲ್ಲ. ಕಾರವಾರದಿಂದ ಗೋವೆಯವರೆಗೆ, ಮಧ್ಯಾಹ್ನದ ಕಡಲಗಾಳಿ ಹಿಡಿದು ಹೋಗಿ, ಬೆಳಗಿನ ನೆಲಗಾಳಿ ಹಿಡಿದು ಹೊರಟು ಬಂದರೆ ಅವರಿಗೆ ಸಾಕು. ಹಳೆಯ ಕುಮಟೆಯ ಹಡಗಿನವರು ನಡೆಸಿದ್ದೂ ಇದೇ ಗಾಳಿಗಳಿಂದ. ಮುಂಗಾರು ಕಳೆದು ಅಕ್ಟೋಬರಿನಲ್ಲಿ ಕಡಲು ತಿಳಿಯಾಗುತ್ತದೆ. ಮೇ ತಿಂಗಳವರೆಗೆ ಕಲಿಯಲು ಕಾಲವುಂಟು. ಒಂದು ಋತು ಸಣ್ಣ ದೋಣಿಯಲ್ಲಿ, ಒಂದು ಋತು ಪರರ ನಾವೆಯಲ್ಲಿ,, ಇದಾದ ಮೇಲೂ ಆ ಮೂವತ್ತಡಿಯ ನಾವೆಯ ಮೇಲೆ ಮನಸ್ಸು ನಿಂತಿದ್ದರೆ, ಅದು ಇನ್ನೂ ಮಾರಾಟವಾಗದೆ ಉಳಿದಿದ್ದರೆ, ಬೆಲೆಯೂ ಇಳಿದಿರುತ್ತದೆ. ಆಗ ಮನೆಯವರನ್ನೂ ಮೊಮ್ಮಗನನ್ನೂ ಜೊತೆಗೆ ಕರೆದುಕೊಂಡು, ಉಗುರಿನಿಂದ ಹೊಲಿಗೆಯನ್ನು ಕೆರೆದು ನೋಡಲು ಹೋಗಬಹುದು.